ಜನಕ್ಕಿಂತ ಹಾಸಿಗೆ ಹೆಚ್ಚಾದ ಊರು

ವೆನಿಸ್‌ನ ರಿಯಾಲ್ಟೊ ಸೇತುವೆಯ ಮಗ್ಗುಲಲ್ಲೇ, ದೊಡ್ಡ ಕಾಲುವೆಗೆ ಮುಖ ಮಾಡಿ ಒಂದು ಭಾರೀ ಕಟ್ಟಡ ನಿಂತಿದೆ. ಹೆಸರು ಫೊಂಡಾಕೊ ದೇಯ್ ತೆದೆಸ್ಕಿ. ಜರ್ಮನ್ ವರ್ತಕರು ಬಂದಿಳಿದು ಸರಕು ಇಟ್ಟುಕೊಳ್ಳಲಿ ಎಂದು ವೆನಿಸ್ ಗಣರಾಜ್ಯ ಕಟ್ಟಿಸಿದ ಛತ್ರ ಇದು. ಕೆಳಗೆ ಗೋದಾಮು, ಮೇಲೆ ಕೋಣೆಗಳು. ಹಳೆಯ ಕಟ್ಟಡ 1505ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಈಗಿರುವುದನ್ನು ಎಬ್ಬಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅದು ಊರಿನ ಅಂಚೆ ಕಚೇರಿಯಾಯಿತು. ಮುದುಕರು ಪಿಂಚಣಿಗೂ ಹುಡುಗರು ಸ್ಟ್ಯಾಂಪಿಗೂ ಬರುತ್ತಿದ್ದ ಜಾಗ.

2008ರಲ್ಲಿ ಬೆನೆಟ್ಟನ್ ಬಳಗ ಅದನ್ನು ಕೊಂಡಿತು. ಡಚ್ ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್ ಅವರ ಸಂಸ್ಥೆ ಒಳಗೆ ಎಸ್ಕಲೇಟರ್ ಕೂರಿಸಿ, ಮಾಳಿಗೆಯ ಮೇಲೆ ನೋಟದ ಕಟ್ಟೆ ಕಟ್ಟಿಕೊಟ್ಟಿತು. 2016ರಲ್ಲಿ ಅಲ್ಲಿ ಚೀಲ, ಗಡಿಯಾರ, ಅತ್ತರು ಮಾರುವ ದುಬಾರಿ ಮಳಿಗೆ ತೆರೆಯಿತು. ಗಿರಾಕಿಗಳು ಬಹುಪಾಲು ಹೊರಗಿನವರು. ಹತ್ತು ವರ್ಷವೂ ತುಂಬಲಿಲ್ಲ, 2025ರಲ್ಲಿ ಬಾಗಿಲು ಹಾಕಿತು. ಅಂಚೆ ಕಚೇರಿಯಂತೂ ಆಗಲೇ ಹೋಗಿತ್ತು.

ಅಲ್ಲಿಂದ ಕೂಗಳತೆಯಲ್ಲಿರುವ ಸಾನ್ ಬಾರ್ತೊಲೊಮೆಯೊ ಚೌಕದ ಔಷಧದಂಗಡಿಯೊಂದರ ಕಿಟಕಿಯಲ್ಲಿ 2008ರಿಂದ ಒಂದು ಎಲೆಕ್ಟ್ರಾನಿಕ್ ಫಲಕವಿದೆ. ಹಳೆ ವೆನಿಸ್‌ನಲ್ಲಿ ಇನ್ನೂ ಎಷ್ಟು ಜನ ವಾಸವಾಗಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ. 1951ರಲ್ಲಿ ಅಲ್ಲಿದ್ದವರು ಸುಮಾರು 1,75,000 ಮಂದಿ. ಸಂಖ್ಯೆ 60,000ಕ್ಕಿಂತ ಕೆಳಗಿಳಿದ 2009ರ ನವೆಂಬರ್‌ನಲ್ಲಿ ಊರಿನವರು ಗುಲಾಬಿ ಬಣ್ಣದ ಶವಪೆಟ್ಟಿಗೆಯನ್ನು ದೋಣಿಯಲ್ಲಿಟ್ಟು ಕಾಲುವೆಯುದ್ದಕ್ಕೂ ಸಾಗಿಸಿ ನಗರಕ್ಕೇ ಅಣಕು ಅಂತ್ಯಕ್ರಿಯೆ ಮಾಡಿದರು. 2022ರಲ್ಲಿ 50,000ದ ಗೆರೆಯೂ ದಾಟಿತು. ಮರುವರ್ಷ ಸಾಂತಾ ಮಾರ್ಗರಿತಾ ಚೌಕದ ಪುಸ್ತಕದಂಗಡಿಯಲ್ಲಿ ಇನ್ನೊಂದು ಫಲಕ ಬಂತು. ಅದು ಎಣಿಸುವುದು ಪ್ರವಾಸಿಗರಿಗಾಗಿ ಹಾಸಿಟ್ಟ ಹಾಸಿಗೆಗಳನ್ನು. ಆ ವರ್ಷವೇ, ನಿವಾಸಿಗಳ ಗುಂಪೊಂದರ ಲೆಕ್ಕದ ಪ್ರಕಾರ, ಹಾಸಿಗೆಗಳು ಜನರನ್ನು ಮೀರಿದವು.

ಇದಕ್ಕೆಲ್ಲ ಪ್ರವಾಸೋದ್ಯಮವೇ ಕಾರಣ ಎಂದು ಷರಾ ಬರೆದುಬಿಡುವುದು ಸುಲಭ. ಆದರೆ ಇಸವಿಗಳನ್ನು ಜೋಡಿಸಿ ನೋಡಿದರೆ ಲೆಕ್ಕ ಹಾಗೆ ಕೂಡುವುದಿಲ್ಲ. 1951ರಿಂದ 1990ರ ನಡುವೆಯೇ ಅರ್ಧಕ್ಕಿಂತ ಹೆಚ್ಚು ಜನ ಊರು ಬಿಟ್ಟಿದ್ದರು. ಅಗ್ಗದ ವಿಮಾನಗಳೂ ಮೊಬೈಲಿನಲ್ಲಿ ಕೋಣೆ ಕಾದಿರಿಸುವ ಆ್ಯಪ್‌ಗಳೂ ಆಗಿನ್ನೂ ಬಂದಿರಲಿಲ್ಲ. ಆಗ ಜನ ಹೋದದ್ದು ನೆಲಮಹಡಿಯ ತೇವಕ್ಕೆ ಬೇಸತ್ತು, ಎದುರು ದಡದ ಮಾರ್ಗೇರಾ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿ, ಪಕ್ಕದ ಮೆಸ್ತ್ರೆಯಲ್ಲಿ ಲಿಫ್ಟು, ಹೀಟರು, ಮನೆ ಮುಂದೆ ಕಾರು ನಿಲ್ಲಿಸುವ ಜಾಗ ಇರುವ ಫ್ಲ್ಯಾಟು ಸಿಕ್ಕಿ. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಏರಿ ಊರನ್ನು ಮುಳುಗಿಸಿದ ಮೇಲೆ, ಇಲ್ಲೇ ಇರಬೇಕೆಂದಿದ್ದವರಲ್ಲೂ ಎಷ್ಟೋ ಜನ ಗಂಟು ಮೂಟೆ ಕಟ್ಟಿದರು.

ಹಾಗಾದರೆ ಪ್ರವಾಸೋದ್ಯಮ ಮಾಡಿದ್ದೇನು? ಖಾಲಿಯಾದ ಮನೆಗಳಿಗೆ ಮತ್ತೆ ಸಂಸಾರಗಳು ಬರಬಹುದಾಗಿದ್ದ ದಾರಿಯನ್ನು ಅದು ಮುಚ್ಚಿತು. ಇಟಲಿಯಲ್ಲಿ ಮನೆ ಬಾಡಿಗೆಯ ಸಾಮಾನ್ಯ ಕರಾರು ನಾಲ್ಕು ವರ್ಷದ್ದು, ಅದು ಮತ್ತೆ ನಾಲ್ಕು ವರ್ಷಕ್ಕೆ ಮುಂದುವರಿಯುತ್ತದೆ. ಬಾಡಿಗೆದಾರನನ್ನು ನಡುವೆ ಎಬ್ಬಿಸುವುದು ಕಷ್ಟ. ಅದೇ ಮನೆಯನ್ನು ಎರಡೆರಡು ರಾತ್ರಿಗೆ ಪ್ರವಾಸಿಗರಿಗೆ ಕೊಟ್ಟರೆ ಕೆಲವೇ ದಿನಗಳಲ್ಲಿ ತಿಂಗಳ ಬಾಡಿಗೆ ಹುಟ್ಟುತ್ತದೆ, ಬೇಕೆಂದಾಗ ಮನೆ ಕೈಯಲ್ಲೇ ಇರುತ್ತದೆ. ಅಜ್ಜಿಯ ಮನೆ ಪಾಲಿಗೆ ಬಂದ ಮೊಮ್ಮಗ ಮೆಸ್ತ್ರೆಯಲ್ಲಿ ಕೂತೇ ಅದನ್ನು ನಡೆಸಬಹುದು. ಅವನನ್ನು ದುರಾಸೆಯವನೆಂದು ದೂರುವುದರಲ್ಲಿ ಅರ್ಥವಿಲ್ಲ, ಲೆಕ್ಕವೇ ಹಾಗಿದೆ.

ಮನೆಯ ಹಿಂದೆಯೇ ಅಂಗಡಿಯೂ ಹೋಗುತ್ತದೆ. ಎರಡು ರಾತ್ರಿಗೆ ಬಂದವನಿಗೆ ನಲ್ಲಿಯ ವಾಷರ್ ಬೇಡ, ಶಾಲೆಯ ನೋಟ್‌ಬುಕ್ ಬೇಡ, ಹರಿದ ಚಪ್ಪಲಿ ಹೊಲಿಸಬೇಕಿಲ್ಲ. ಅವನಿಗೆ ಬೇಕಾದದ್ದು ಐಸ್‌ಕ್ರೀಮು, ಒಂದು ತುಂಡು ಪಿಜ್ಜಾ, ಮುಖವಾಡ. ಆ ಮುಖವಾಡಗಳಲ್ಲೂ ‘ಮುರಾನೊ ಗಾಜು’ ಎಂದು ಮಾರುವ ಸಾಮಾನುಗಳಲ್ಲೂ ಎಷ್ಟೋ ಚೀನಾದಿಂದ ಬಂದವು. ರಿಯಾಲ್ಟೊದ ಮೀನು ಮಾರುಕಟ್ಟೆ ಇನ್ನೂ ನಡೆಯುತ್ತದೆ, ಆದರೆ ಮೊದಲಿನಷ್ಟು ಕಟ್ಟೆಗಳಿಲ್ಲ. ಪ್ರವಾಸಿಗರು ಮೀನಿನ ಫೋಟೊ ತೆಗೆಯುತ್ತಾರೆ, ಕೊಳ್ಳುವುದಿಲ್ಲ. ಹೋಟೆಲ್ ಕೋಣೆಯಲ್ಲಿ ಹಸಿ ಬಂಗುಡೆ ಇಟ್ಟುಕೊಂಡು ಏನು ಮಾಡಿಯಾರು?

ಆಳುವವರು ಕೈಕಟ್ಟಿ ಕೂತಿಲ್ಲ. 2019ರ ಜೂನ್‌ನಲ್ಲಿ ದೈತ್ಯ ಪ್ರವಾಸಿ ಹಡಗೊಂದು ಹತೋಟಿ ತಪ್ಪಿ ದಕ್ಕೆಗೂ ದೋಣಿಗೂ ಗುದ್ದಿತ್ತು. ಅದಾಗಿ ಎರಡು ವರ್ಷಕ್ಕೆ, 2021ರ ಆಗಸ್ಟ್‌ನಿಂದ, ಅಂಥ ಹಡಗುಗಳು ಸಾನ್ ಮಾರ್ಕೊ ಚೌಕದ ಮುಂದೆ ಹಾದು ಹೋಗುವುದನ್ನು ಇಟಲಿ ಸರ್ಕಾರ ನಿಷೇಧಿಸಿತು. 2024ರ ಏಪ್ರಿಲ್ 25ರಂದು, ಬೆಳಿಗ್ಗೆ ಬಂದು ಸಂಜೆ ಮರಳುವವರಿಗೆ 5 ಯೂರೊ ಪ್ರವೇಶ ಶುಲ್ಕ ಶುರುವಾಯಿತು. ಒಂದು ಇಡೀ ನಗರ ಹೀಗೆ ಟಿಕೆಟ್ ಇಟ್ಟದ್ದು ಜಗತ್ತಿಗೇ ಹೊಸದು. ಶುಲ್ಕ ವಸೂಲಿ ಮೊದಲ ವರ್ಷ 29 ದಿನ ಇದ್ದದ್ದು 2025ರಲ್ಲಿ 54 ದಿನವಾಯಿತು. ಕೊನೆ ಗಳಿಗೆಯಲ್ಲಿ ಕಾದಿರಿಸಿದವರಿಗೆ 10 ಯೂರೊ. ಮೊದಲ ವರ್ಷವೇ 20 ಲಕ್ಷ ಯೂರೊಗೂ ಮಿಕ್ಕಿ ಹಣ ಬಂತು. ಜನ ಮಾತ್ರ ಕಡಿಮೆಯಾದಂತೆ ಕಾಣಲಿಲ್ಲ. ಅಷ್ಟು ದೂರದಿಂದ ಬಂದವರು ಒಂದು ಕಾಫಿಯ ಬೆಲೆಗೆ ಹಿಂದೆ ಸರಿಯುತ್ತಾರೆಯೇ? ಶುರುವಾದ ದಿನವೇ ನೂರಾರು ನಿವಾಸಿಗಳು ಬೀದಿಗಿಳಿದು ಇದನ್ನು ವಿರೋಧಿಸಿದರು, ಟಿಕೆಟ್ ಇಟ್ಟರೆ ಊರು ವಸ್ತುಸಂಗ್ರಹಾಲಯವೇ ಆಗಿಬಿಡುತ್ತದೆ ಎಂದು. ಅವರ ಮಾತಿನಲ್ಲಿ ಹುರುಳಿದೆ. ರಾತ್ರಿ ತಂಗುವವರಿಗೆ ಈ ಶುಲ್ಕವಿಲ್ಲ, ಅವರದು ಬೇರೆ ತೆರಿಗೆ. ಹಾಗಾಗಿ ಈ ಶುಲ್ಕ ತಾಗುವುದು ಬೀದಿಯ ನೂಕುನುಗ್ಗಲಿಗೆ. ಸಂಸಾರ ಹೋಗಿ ಕೋಣೆಯಾದ ಮನೆಗಳಿಗೆ ಅದು ತಾಗುವುದೇ ಇಲ್ಲ.

ಸಮುದ್ರದಾಚೆ, ಕ್ರೊಯೇಷಿಯಾದ ದುಬ್ರೊವ್ನಿಕ್ ಹಿಡಿದದ್ದೂ ಇದೇ ಜಾಡು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಚಿತ್ರೀಕರಣ ನಡೆದ ಮೇಲೆ ಕೋಟೆಯೊಳಗೆ ಕಾಲಿಡಲೂ ಜಾಗವಿಲ್ಲದಂತಾಗಿ, ಆಡಳಿತ ಬಾಗಿಲಲ್ಲಿ ಕ್ಯಾಮೆರಾ ಇಟ್ಟು ತಲೆ ಎಣಿಸಿತು, ಹಡಗುಗಳಿಗೆ ಮಿತಿ ಹಾಕಿತು. ಬೀದಿ ಒಂದಿಷ್ಟು ಸಡಿಲವಾಯಿತು. ಕೋಟೆಯೊಳಗಿನ ಕುಟುಂಬಗಳು ಮರಳಲಿಲ್ಲ.

ನಮ್ಮ ಹಂಪಿಯಲ್ಲಿ ನಡೆದದ್ದು ತಿರುಗುಮುರುಗು. ಅಲ್ಲಿ ಜನರನ್ನು ಎಬ್ಬಿಸಿದ್ದು ಪ್ರವಾಸಿಗರಲ್ಲ, ಸರ್ಕಾರ. ವಿರೂಪಾಕ್ಷ ದೇವಸ್ಥಾನದ ಮುಂದಿನ ರಥಬೀದಿಯ ಸಾಲು ಮಂಟಪಗಳಲ್ಲಿ ಕಂಬದಿಂದ ಕಂಬಕ್ಕೆ ಗೋಡೆ ಕಟ್ಟಿಕೊಂಡು ಎಷ್ಟೋ ಕುಟುಂಬಗಳು ನೆಲೆಸಿದ್ದವು. ಕೆಲವರದು ಹೂವು, ಹಣ್ಣುಕಾಯಿ ವ್ಯಾಪಾರ. ಕೆಲವರದು ಹೋಟೆಲು, ಪ್ರವಾಸಿಗರಿಗೆ ಕೋಣೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸ್ಮಾರಕಗಳಿಗೆ ಇವು ಒತ್ತುವರಿ ಎಂಬುದು ಅಧಿಕಾರಿಗಳ ವಾದ. ಅದನ್ನು ತಳ್ಳಿಹಾಕುವಂತಿಲ್ಲ; ಶಾಸನವಿರುವ ಕಲ್ಲಿಗೆ ಮೊಳೆ ಹೊಡೆದವರೂ ಇದ್ದಿರಬಹುದು. 2011ರ ಜುಲೈ 29ರಂದು ಜೆಸಿಬಿಗಳು ಬಂದವು. ಎದ್ದವರಿಗೆ ಕಡ್ಡಿರಾಂಪುರದ ಬಳಿ ನಿವೇಶನ ಎಂದಾಯಿತು. ಆದರೆ ಬೀದಿಯನ್ನೇ ನೆಚ್ಚಿದ ವ್ಯಾಪಾರಕ್ಕೆ ಊರಾಚೆಯ ನಿವೇಶನ ಹೇಗೆ ಒದಗೀತು? ವೆನಿಸ್‌ನಲ್ಲಿ ಮಾರುಕಟ್ಟೆ ಕೆಲವು ದಶಕಗಳಲ್ಲಿ ಮಾಡಿದ್ದನ್ನು ಇಲ್ಲಿ ಆದೇಶವೊಂದು ಒಂದೇ ದಿನದಲ್ಲಿ ಮಾಡಿತು.

ಮನೆಗಳಿಗೇ ಕೈ ಹಾಕಲು ಹೊರಟದ್ದು ಸ್ಪೇನಿನ ಬಾರ್ಸಿಲೋನಾ. ಪ್ರವಾಸಿಗರಿಗೆ ಬಾಡಿಗೆ ಕೊಡಲು ಅಲ್ಲಿ ಪರವಾನಗಿ ಪಡೆದ ಫ್ಲ್ಯಾಟುಗಳು 10,101. ಅವುಗಳಲ್ಲಿ ಒಂದಕ್ಕೂ 2028ರ ನವೆಂಬರ್ ನಂತರ ಪರವಾನಗಿ ನವೀಕರಿಸುವುದಿಲ್ಲ ಎಂದು ಮೇಯರ್ ಜೌಮೆ ಕೊಲ್ಬೊನಿ 2024ರ ಜೂನ್‌ನಲ್ಲಿ ಸಾರಿದರು. ಆಸ್ತಿಯ ಹಕ್ಕನ್ನೇ ಕಿತ್ತುಕೊಂಡಂತೆ ಎಂದು ಮಾಲೀಕರು ಸಿಡಿದೆದ್ದಿದ್ದಾರೆ. ಅಷ್ಟೂ ಮನೆಗಳು ಬಾಡಿಗೆದಾರರಿಗೇ ಸಿಕ್ಕಾವು ಎಂಬ ಖಾತರಿಯೂ ಇಲ್ಲ. ಕೆಲವು ಮಾರಾಟವಾಗಬಹುದು, ಕೆಲವು ಬೀಗ ಹಾಕಿಕೊಂಡೇ ಕೂರಬಹುದು. ವೆನಿಸ್‌ಗೂ ಇಂಥ ಬಾಡಿಗೆಗೆ ಕಡಿವಾಣ ಹಾಕುವ ಅಧಿಕಾರವನ್ನು ಇಟಲಿಯ ಸಂಸತ್ತು 2022ರಲ್ಲೇ ಕೊಟ್ಟಿದೆ.