ಮೆಚ್ಚಿನ ಕಾದಂಬರಿಯನ್ನು ವಿಮರ್ಶಕರು ಹಳಿದಾಗ

ತಾವು ಪ್ರೀತಿಯಿಂದ ಓದುವ ಕಾದಂಬರಿಕಾರರ ಗ್ರಂಥವನ್ನು ಪತ್ರಿಕೆಯ ವಿಮರ್ಶಕರು ನಾಲ್ಕು ಪಂಕ್ತಿಗಳಲ್ಲಿ ತಿರಸ್ಕರಿಸಿಬಿಟ್ಟರೆ, ಓದುಗರಿಗಾಗುವ ಸಂಕಟವು ಅಲ್ಪವಲ್ಲ. ಮನೆಗೆ ಬಂದ ನೆಂಟರನ್ನು ಯಾರೋ ಅಂಗಳದಲ್ಲಿ ನಿಂತು ಬೈದಂತಾಗುತ್ತದೆ. ಕೆಲವರು ಆ ಕ್ಷಣವೇ ಸಂಪಾದಕರಿಗೆ ಉಗ್ರವಾದ ಪತ್ರವನ್ನು ಬರೆಯುತ್ತಾರೆ. ಕೆಲವರು ಅಂಥ ಗ್ರಂಥವನ್ನು ಮೆಚ್ಚಿದೆವಲ್ಲಾ ಎಂದು ನಾಚಿ ಸುಮ್ಮನಾಗುತ್ತಾರೆ. ಈ ಎರಡು ಮಾರ್ಗಗಳೂ ಯುಕ್ತವಲ್ಲವೆಂದು ನಮಗೆ ತೋರುವುದರಿಂದ, ಹಿಂದೆ ನಡೆದ ವೃತ್ತಾಂತವೊಂದನ್ನು ವಾಚಕರ ಮುಂದಿಡುತ್ತೇವೆ.

೧೮೪೭ನೆಯ ಇಸವಿ ಅಕ್ಟೋಬರಿನಲ್ಲಿ ಲಂಡನ್ ನಗರದಲ್ಲಿ 'ಜೇನ್ ಏರ್' ಎಂಬ ಕಾದಂಬರಿಯು ಪ್ರಕಟವಾಯಿತು. ಗ್ರಂಥದ ಮೇಲಿದ್ದ ಹೆಸರು ಕರರ್ ಬೆಲ್. ನಿಜವಾಗಿ ಬರೆದಾಕೆಯು ಹಾವರ್ತ್ ಗ್ರಾಮದ ಪಾದ್ರಿಯ ಮಗಳಾದ ಷಾರ್ಲಟ್ ಬ್ರಾಂಟೆ. ಅನಾಥೆಯಾಗಿ ಬೆಳೆದು, ಪರರ ಮನೆಯಲ್ಲಿ ಪಾಠ ಹೇಳಿ ಜೀವಿಸುವ ಬಡ ತರುಣಿಯು ತನ್ನ ಆತ್ಮಗೌರವವನ್ನು ಕಾಪಾಡಿಕೊಂಡ ಕಥೆಯದು. ಜನರು ಆದರದಿಂದ ಓದಿದರು. ಮರುವರ್ಷದ ಜನವರಿಯಲ್ಲಿಯೇ ಎರಡನೆಯ ಮುದ್ರಣವಾಯಿತು. ಪ್ರಸಿದ್ಧ ಕಾದಂಬರಿಕಾರರಾದ ಥ್ಯಾಕರೆಯವರು ಕೂಡ ಅದನ್ನೋದಿ ಕಣ್ಣೀರಿಡುತ್ತಿದ್ದುದನ್ನು ಕಂಡು, ಕಲ್ಲಿದ್ದಲು ತಂದ ಸೇವಕನು ಬೆರಗಾದನಂತೆ.

ಆದರೆ ೧೮೪೮ನೆಯ ಡಿಸೆಂಬರಿನಲ್ಲಿ 'ಕ್ವಾರ್ಟರ್ಲಿ ರಿವ್ಯೂ' ಎಂಬ ತ್ರೈಮಾಸಿಕವು ಹೆಸರಿಲ್ಲದ ವಿಮರ್ಶೆಯೊಂದನ್ನು ಅಚ್ಚುಮಾಡಿತು. ಅದು ಗ್ರಂಥವನ್ನು ಧರ್ಮವಿರೋಧಿಯೆಂದು ಕರೆದುದಲ್ಲದೆ, ಬರೆದವರು ಸ್ತ್ರೀಯೇ ಆದ ಪಕ್ಷದಲ್ಲಿ ಆಕೆಯು ಕುಲಸ್ತ್ರೀಯರ ಸಹವಾಸಕ್ಕೆ ಎಂದೋ ಅನರ್ಹಳಾಗಿರಬೇಕೆಂದು ಊಹಿಸಿತು. ಹೀಗೆ ಬರೆದವರೂ ಒಬ್ಬ ಮಹಿಳೆಯೇ; ಅವರ ಹೆಸರು ಎಲಿಜಬೆತ್ ರಿಗ್ಬಿ. ಅದೇ ತಿಂಗಳಿನಲ್ಲಿ ಷಾರ್ಲಟಳ ತಂಗಿ ಎಮಿಲಿಯು ಕ್ಷಯದಿಂದ ತೀರಿಕೊಂಡಳು; ತಮ್ಮನು ಸೆಪ್ಟೆಂಬರಿನಲ್ಲಿಯೇ ಮಡಿದಿದ್ದನು; ಮುಂದಿನ ಮೇ ತಿಂಗಳಿನಲ್ಲಿ ಕಿರಿಯ ತಂಗಿ ಆನ್ ಕೂಡ ಹೊರಟುಹೋದಳು. ೧೮೫೫ರಲ್ಲಿ ಷಾರ್ಲಟಳೂ ಗತಿಸಿದ ಮೇಲೆ, ಆಕೆಯ ಗೆಳತಿಯೂ ಸ್ವತಃ ಕಾದಂಬರಿಕಾರ್ತಿಯೂ ಆದ ಶ್ರೀಮತಿ ಗ್ಯಾಸ್ಕೆಲ್ ಅವರು ೧೮೫೭ರಲ್ಲಿ ಆಕೆಯ ಜೀವನಚರಿತ್ರೆಯನ್ನು ಬರೆದು, ಆ ಮನೆಯ ದುಃಖವನ್ನೂ ಆಕೆಯ ಕರ್ತವ್ಯನಿಷ್ಠೆಯನ್ನೂ ಲೋಕದ ಮುಂದಿಟ್ಟರು. ಅರಿಯದವಳ ನಡತೆಯನ್ನು ತೂಗಿದ ವಿಮರ್ಶಕರನ್ನು ತೀಕ್ಷ್ಣವಾಗಿಯೇ ಆಕ್ಷೇಪಿಸಿದರು. ಸತ್ಯದ ಆಧಾರವಿದ್ದುದರಿಂದ ಆ ಉತ್ತರವು ನಿಂತಿತು.

ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಕಾವ್ಯವನ್ನು ಪರೀಕ್ಷಿಸುವವರನ್ನು ನಾಲ್ಕು ಬಗೆಯಾಗಿ ಹೇಳಿದ್ದಾನೆ. ಯಾವುದೂ ರುಚಿಸದವನು ಅರೋಚಕಿ. ಹುಲ್ಲನ್ನೂ ಕೂಡಿಸಿಯೇ ನುಂಗುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಒಪ್ಪದವನು ಮತ್ಸರಿ. ಸತ್ಯದಲ್ಲಿಯೇ ಮನಸ್ಸಿಟ್ಟವನು ತತ್ತ್ವಾಭಿನಿವೇಶಿ. ವಿಮರ್ಶಕರನ್ನು ಅರೋಚಕಿಯೆಂದೋ ಮತ್ಸರಿಯೆಂದೋ ಕರೆಯಲು ಆತುರಪಡುವ ನಾವು, ನಾವೇ ಎರಡನೆಯ ಪಂಕ್ತಿಯಲ್ಲಿ ಕುಳಿತಿಲ್ಲವಷ್ಟೆ ಎಂದು ನೋಡಿಕೊಳ್ಳಬೇಕು.

ನಾವೂ ಒಮ್ಮೆ ಇಂಥದೇ ಕೋಪದಲ್ಲಿ ದೀರ್ಘವಾದ ಪತ್ರವೊಂದನ್ನು ಬರೆದು, ಅಂಚೆಗೆ ಹಾಕುವ ಮೊದಲು ಗ್ರಂಥವನ್ನು ಮತ್ತೆ ಓದಿದೆವು. ವಿಮರ್ಶಕರು ತೋರಿಸಿದ್ದ ದೋಷಗಳಲ್ಲಿ ಎರಡು ಅಲ್ಲಿ ಇದ್ದೇ ಇದ್ದುವು! ಪತ್ರವನ್ನು ಹರಿದುಹಾಕಿ, ಆ ಎರಡನ್ನು ಒಪ್ಪಿ, ಅವರು ಕಾಣದೆ ಬಿಟ್ಟ ಒಂದು ಅಧ್ಯಾಯದ ಸೊಗಸನ್ನು ಮಾತ್ರ ಹತ್ತು ಸಾಲುಗಳಲ್ಲಿ ಬರೆದು ಕಳುಹಿಸಿದೆವು. ಗ್ರಂಥದ ಮೇಲಿನ ಪ್ರೀತಿಯೇನೂ ಕುಂದಲಿಲ್ಲ.

ಆದ್ದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ವಿಮರ್ಶೆಯಲ್ಲಿ ಗ್ರಂಥವನ್ನು ಕುರಿತ ಮಾತಾವುದು, ಗ್ರಂಥಕರ್ತರ ನಡತೆಯನ್ನು ಕುರಿತ ಮಾತಾವುದು ಎಂಬುದನ್ನು ಮೊದಲು ಬೇರ್ಪಡಿಸಿರಿ. ಮೊದಲನೆಯದಕ್ಕೆ ಗ್ರಂಥದಿಂದಲೇ ಉತ್ತರ ಹೇಳಿರಿ. ಎರಡನೆಯದಕ್ಕೆ ಮನೆಯೊಳಗೆ ಮಣೆ ಹಾಕಬೇಡಿರಿ.