ಬೆಳಗಾವಿಯ ಸೈಕಲ್ ಅಂಗಡಿಯಿಂದ ಹರಿಹರದ ಲೇತ್‌ವರೆಗೆ

ಬೆಳಗಾವಿಯ ಪೇಟೆಯಲ್ಲಿ ಕಿರ್ಲೋಸ್ಕರ್ ರಸ್ತೆ ಎಲ್ಲಿ ಎಂದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಆ ಹೆಸರಿನ ಮನೆತನ ಇದೇ ಊರಿನಲ್ಲಿ ವ್ಯಾಪಾರಕ್ಕೆ ಕೂತದ್ದು ಒಂದು ಸೈಕಲ್ ಅಂಗಡಿ ಇಟ್ಟುಕೊಂಡು ಎಂಬುದು ಮಾತ್ರ ಹೆಚ್ಚಿನವರಿಗೆ ಮರೆತುಹೋಗಿದೆ. ಇಂದು ಪಂಪು, ಎಂಜಿನ್, ಮೋಟಾರುಗಳಿಗೆ ಹೆಸರಾದ ಸಂಸ್ಥೆ ತನ್ನ ಹುಟ್ಟನ್ನು 1888ರಿಂದ ಎಣಿಸುತ್ತದೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಕಣ್ಣಿಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯದ ಕಾರಣ ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ತಮಗೆ ಬರಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಮರಳಿದರು. ಅಲ್ಲಿ ಅಣ್ಣ ರಾಮಚಂದ್ರರಾಯರು, ಮನೆಯವರ ಬಾಯಲ್ಲಿ ರಾಮುಅಣ್ಣ, ಸೈಕಲ್ ವ್ಯಾಪಾರ ನೋಡಿಕೊಳ್ಳುತ್ತಿದ್ದರು.

ಆಗ ಒಂದು ಸೈಕಲ್ಲಿಗೆ 700ರಿಂದ 1,000 ರೂಪಾಯಿ. ಅಷ್ಟು ಹಣ ಕೊಟ್ಟು ಕೊಂಡವರಿಗೆ ಅದನ್ನು ಹತ್ತಲು ಬರುತ್ತಿರಲಿಲ್ಲ. ಆದ್ದರಿಂದ ರಾಮುಅಣ್ಣ 15 ರೂಪಾಯಿ ಪಡೆದು ಸವಾರಿ ಕಲಿಸುತ್ತಿದ್ದರು. ಮಾರಿದ ವಸ್ತುವನ್ನು ಬಳಸಲು ಕಲಿಸುವುದೂ ಅಂಗಡಿಯವನ ಕೆಲಸವೇ. ಈ ಮನೆತನದ ಮುಂದಿನ ದುಡಿಮೆಯ ಗುಟ್ಟು ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಸೈಕಲ್ ಬಿಟ್ಟು ಅಣ್ಣತಮ್ಮಂದಿರು ರೈತನ ಕಡೆ ತಿರುಗಿದರು. ಮೊದಲು ಜೋಳದ ಕಣಿಕೆ ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ರಂಟೆ. ಕಟ್ಟಿಗೆಯ ನೇಗಿಲು ಮಣ್ಣನ್ನು ಗೀರುತ್ತ ಹೋಗುತ್ತದೆ. ಕಬ್ಬಿಣದ ರಂಟೆ ಮಣ್ಣನ್ನು ಆಳದಿಂದ ಎತ್ತಿ ಮಗುಚಿ ಹಾಕುತ್ತದೆ, ಕಳೆ ಅಡಿಗೆ ಬಿದ್ದು ಕೊಳೆಯುತ್ತದೆ. ಆದರೂ ರೈತರು ಮುಟ್ಟಲಿಲ್ಲ. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂಬ ಅಂಜಿಕೆ ಅವರದು. ಮೊದಲು ಮಾಡಿದ 40 ರಂಟೆಗಳು ಮಾರಿಹೋಗಲು ಎರಡು ವರ್ಷ ಬೇಕಾಯಿತು.

ಆ ರೈತರನ್ನು ಹಳೆಯ ಕಾಲದವರೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನೇಗಿಲಿನ ಕುಳ ಸವೆದರೆ ಊರ ಕಮ್ಮಾರ ಕಾಯಿಸಿ ಬಡಿದು ಕೊಡುತ್ತಿದ್ದ, ಸುಗ್ಗಿಯಲ್ಲಿ ಆಯದ ಕಾಳು ಒಯ್ಯುತ್ತಿದ್ದ. ಎರಕದ ಕಬ್ಬಿಣ ಹಾಗಲ್ಲ. ಅದನ್ನು ಅಡಿಗಲ್ಲಿನ ಮೇಲಿಟ್ಟು ಬಡಿದರೆ ಸಿಡಿದು ಹೋಳಾಗುತ್ತದೆ. ಬಿತ್ತನೆಗೆ ನಾಲ್ಕು ದಿನ ಇರುವಾಗ ಕುಳ ಮುರಿದರೆ ರೈತ ಯಾರ ಬಾಗಿಲಿಗೆ ಹೋಗಬೇಕು? ಅಳತೆ ತಪ್ಪದ ಹೊಸ ಕುಳ ಕೈಗೆ ಸಿಕ್ಕರೆ ಮಾತ್ರ ಅಂಥ ರಂಟೆ ಹೊಲದಲ್ಲಿ ಉಳಿಯುತ್ತದೆ. ಹೀಗಾಗಿ ಕಬ್ಬಿಣದ ರಂಟೆ ಮಾರುವವನು ಬಿಡಿಭಾಗದ ಹೊಣೆಯನ್ನೂ ಹೊರಲೇಬೇಕು.

ವ್ಯಾಪಾರ ಕುದುರುತ್ತಿರುವಾಗಲೇ ಊರು ಬೆಳೆಸಲು ಪುರಸಭೆಗೆ ಕಾರ್ಖಾನೆಯ ಜಾಗ ಬೇಕಾಯಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ರೈಲು ನಿಲ್ದಾಣದ ಪಕ್ಕ 32 ಎಕರೆ ಜಾಗ ಕೊಟ್ಟರು, ಜೊತೆಗೆ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದ, ಹಾವು ಹರಿದಾಡುವ ಬರಡು ನೆಲ ಅದು. 1910ರಲ್ಲಿ ಅಲ್ಲಿ ಎದ್ದ ಊರೇ ಕಿರ್ಲೋಸ್ಕರ್‌ವಾಡಿ. ಜೈಲು ಕಂಡುಬಂದ ತುಕಾರಾಮ ರಾಮೋಶಿ, ಪೀರ್ಯಾ ಮಾಂಗ್ ಅಲ್ಲಿ ಕಾವಲುಗಾರರಾದರು. ಲಕ್ಷ್ಮಣರಾಯರ ನಂಬಿಕೆಯನ್ನು ಇಬ್ಬರೂ ಉಳಿಸಿಕೊಂಡರು. ಮೊದಲ ಮಹಾಯುದ್ಧದಲ್ಲಿ ಹೊರಗಿನ ಕಬ್ಬಿಣ ನಿಂತುಹೋದಾಗ ಕೊಲ್ಹಾಪುರದ ಶಾಹೂ ಮಹಾರಾಜರು ಕೋಟೆಯ ಹಳೆಯ ಫಿರಂಗಿಗಳನ್ನು ಕೊಟ್ಟರು. ಅವನ್ನು ಕರಗಿಸಿ ರಂಟೆ ಎರೆದರು.

ಕಿರ್ಲೋಸ್ಕರ್‌ವಾಡಿಯಲ್ಲಿ ಮುಂದೆ ಪಂಪುಗಳೂ ತಯಾರಾದವು. ಅಮೆರಿಕದ ಎಂ.ಐ.ಟಿ.ಯಲ್ಲಿ ಕಲಿತು ಬಂದ ಮಗ ಶಂತನುರಾವ್ ಉದ್ಯಮವನ್ನು ಹಿಗ್ಗಿಸಿದರು. ಕನ್ನಡ ನಾಡಿಗೆ ಮನೆತನ ಮತ್ತೆ ಬಂದದ್ದು 1941ರಲ್ಲಿ, ತುಂಗಭದ್ರೆಯ ದಡದ ಹರಿಹರಕ್ಕೆ. ಅಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡತೊಡಗಿತು. ಯಂತ್ರಗಳನ್ನು ಮಾಡುವ ಯಂತ್ರ ಅದು. ಷಾಫ್ಟ್ ಕಡೆಯಲು, ಬುಷ್ ಕೊರೆಯಲು, ಥ್ರೆಡ್ ಹಾಕಲು ಲೇತ್ ಇಲ್ಲದೆ ಯಾವ ರಿಪೇರಿ ಅಂಗಡಿಯೂ ನಡೆಯದು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಶುರುವಾಯಿತು. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು.

ಹರಿಹರದ ಲೇತ್ ಕಾರ್ಖಾನೆ ಈಗ ಮುಚ್ಚಿದೆ. ಅದನ್ನು ನಂಬಿ ಬಾಳಿದ ಊರಿಗೆ ಅದು ಸಣ್ಣ ನಷ್ಟವಲ್ಲ. ಅಲ್ಲಿಂದ ಹೊರಟ ಲೇತ್‌ಗಳು ಮಾತ್ರ ಇನ್ನೂ ತಿರುಗುತ್ತಿವೆ. ನಿಮ್ಮೂರಿನ ವರ್ಕ್‌ಶಾಪಿಗೋ ಐ.ಟಿ.ಐ.ಗೋ ಹೋದಾಗ ಹಳೆಯ ಲೇತ್ ಕಂಡರೆ ಅದರ ಮೈಮೇಲಿನ ಹೆಸರನ್ನೊಮ್ಮೆ ಓದಿ ನೋಡಿ. ಅದನ್ನು ನಡೆಸುವ ಮೇಸ್ತ್ರಿಯನ್ನೂ ಮಾತನಾಡಿಸಿ.