ಕ್ಲಚ್ಚಿನ ಕಾಯಿಲೆ, ಗೇರಿನ ನರಳಾಟ

ಮನುಷ್ಯನ ಬೇನೆಗೂ ಮೋಟಾರಿನ ಬೇನೆಗೂ ಒಂದು ಸಾಮ್ಯವುಂಟು. ನೋವು ಕಾಣಿಸಿಕೊಳ್ಳುವ ಸ್ಥಳ ಒಂದು, ರೋಗವಿರುವ ಸ್ಥಳ ಇನ್ನೊಂದು. ಹಲ್ಲು ಕೆಟ್ಟರೆ ಕಿವಿ ನೋಯುತ್ತದೆ. ಕ್ಲಚ್ಚು ಕೆಟ್ಟರೆ ಗೇರು ನರಳುತ್ತದೆ. ಇದನ್ನರಿಯದೆ ಹಲ್ಲಿನ ನೋವಿಗೆ ಕಿವಿಯ ಚಿಕಿತ್ಸೆ ಮಾಡಿಸಲು ಹೊರಟವರಲ್ಲಿ ನಾನೂ ಒಬ್ಬ.

ನಾನು ಯಂತ್ರ ಬಲ್ಲವನಲ್ಲ. ಬಿ.ಎ. ಮುಗಿಸಿ ಪುಣೆಯ ಸರಕಾರಿ ಕಚೇರಿಯೊಂದರಲ್ಲಿ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸುವ ಗುಮಾಸ್ತ. ಒಬ್ಬರು ಬಳಸಿ ಮಾರಿದ ಸಣ್ಣ ಕಾರೊಂದನ್ನು ಕೊಂಡದ್ದು, ವರ್ಷಕ್ಕೆರಡು ಬಾರಿ ಧಾರವಾಡಕ್ಕೆ ಹೋಗಿಬರಲು ಅನುಕೂಲವಾಗಲೆಂದು ಮಾತ್ರ.

2023ರ ದೀಪಾವಳಿಗೆ ಎಂಟು ದಿನವಿತ್ತು. ಧಾರವಾಡದಲ್ಲಿ ನಮ್ಮ ಅವ್ವನ ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಹಬ್ಬಕ್ಕೆ ಆಕೆಯನ್ನು ಕರೆತರಬೇಕು. ರಾತ್ರಿ ಬಸ್ಸಿನ ಕುಲುಕಾಟ ಬೇಡವೆಂದು ಕಾರಿನಲ್ಲಿಯೇ ಹೋಗುವುದೆಂದು ನಿಶ್ಚಯಿಸಿದ್ದೆವು. ಅದೇ ವಾರ ಕಾರು ಹಟ ಹಿಡಿಯಿತು. ಮೊದಲನೆಯ ಗೇರು ಬೀಳಲೊಲ್ಲದು; ರಿವರ್ಸಿಗೆ ಹಾಕಿದರೆ ಬೀದಿಯವರೆಲ್ಲ ತಿರುಗಿ ನೋಡುವಂತೆ ಕರಕರ ಸದ್ದು. ಗ್ಯಾರೇಜಿನವರು ನಾಲ್ಕು ಮಾರು ಓಡಿಸಿ ನೋಡಿ, ಗೇರ್‌ಬಾಕ್ಸು ಇಳಿಸಬೇಕು, ಕ್ಲಚ್ ಸೆಟ್ಟು ಪೂರ್ತಿ ಬದಲಾಯಿಸಬೇಕು, 14,000 ರೂಪಾಯಿ, ನಾಲ್ಕು ದಿನ ಎಂದರು. ಮನೆಯಲ್ಲಿ ಅಷ್ಟು ಹಣವಿದ್ದಿತು. ಆದರೆ ಅದು ಅವ್ವನ ಇನ್ನೊಂದು ಕಣ್ಣಿಗೆಂದು ನಮ್ಮಾಕೆ ಕೂಡಿಸಿಟ್ಟದ್ದು.

ಆ ಸಂಜೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಮನೆಗೆ ಬಂದರು. ಗದಗಿನ ಕಡೆಯವರು, ಲಾರಿ ಓಡಿಸಿಯೇ ತಲೆ ನರೆಸಿಕೊಂಡವರು. ನಮಗೆಲ್ಲ ಅವರು ಕಾಕಾ. ನನ್ನ ಗೋಳನ್ನು ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು:

“ತಮ್ಮಾ, ಎಂಜಿನ್ ಬಂದ್ ಇದ್ದಾಗ ಗೇರ್ ಬೀಳ್ತಾವೇನು?”

“ನೋಡಿಲ್ಲ, ಕಾಕಾ.”

“ಅದನ್ನೂ ನೋಡದನ ಹದಿನಾಲ್ಕು ಸಾವಿರ ಕೊಡಾಕ ಹೊಂಟೀಯಲ್ಲೋ!”

ಊಟದ ಹೊತ್ತಾಗಿತ್ತು. ಕಾಕಾ ತಟ್ಟೆಯಲ್ಲಿದ್ದ ಕಟಕು ರೊಟ್ಟಿಯೊಂದನ್ನು ಎರಡು ಅಂಗೈಗಳ ನಡುವೆ ಹಿಡಿದು ಪಾಠ ಹೇಳಿದರು. ಬಲ ಅಂಗೈ ಎಂಜಿನಿಗೆ ಸೇರಿದ ಫ್ಲೈವೀಲು. ಎಡ ಅಂಗೈ ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಶರ್ ಪ್ಲೇಟು. ನಡುವಿನ ರೊಟ್ಟಿ ಗೇರ್‌ಬಾಕ್ಸಿನ ದಂಡಕ್ಕೆ ಸೇರಿದ ಕ್ಲಚ್ ಪ್ಲೇಟು. ಅಂಗೈಗಳು ಬಿಗಿಯಾಗಿದ್ದರೆ ಕೈಯೊಡನೆ ರೊಟ್ಟಿಯೂ ತಿರುಗುತ್ತದೆ, ಕಾರು ಓಡುತ್ತದೆ. ನಾವು ಪೆಡಲು ತುಳಿದಾಗ ಅಂಗೈ ಸಡಿಲಾಗಿ ರೊಟ್ಟಿ ಬಿಡುಗಡೆ ಹೊಂದುತ್ತದೆ. ಆಗ ಗೇರು ಬದಲಿಸಬಹುದು. ಆದ್ದರಿಂದ ಕ್ಲಚ್ಚಿನ ಮುಖ್ಯ ರೋಗಗಳು ಎರಡೇ. ಅಂಗೈ ಬಿಗಿಯಾಗಿ ಹಿಡಿಯದಿರುವುದು ಒಂದು. ಪೂರ್ತಿಯಾಗಿ ಬಿಡದಿರುವುದು ಇನ್ನೊಂದು. ಇವೆರಡರ ಲಕ್ಷಣಗಳು ಒಂದಕ್ಕೊಂದು ತೀರ ಭಿನ್ನ.

ಮೊದಲನೆಯದು ಜಾರುವ ಕ್ಲಚ್ಚು. ಇದರಲ್ಲಿ ಗೇರುಗಳು ಸುಲಭವಾಗಿಯೇ ಬೀಳುತ್ತವೆ. ಆದರೆ ಏರಿನಲ್ಲಿ ಆಕ್ಸಿಲರೇಟರ್ ತುಳಿದರೆ ಎಂಜಿನು ಕೂಗುತ್ತದೆಯೇ ಹೊರತು ಕಾರಿನ ವೇಗ ಏರುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಪರೀಕ್ಷೆ ಹೀಗೆ: ಸಮನೆಲದಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ, ಮೂರನೆಯ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲನೆ ಬಿಡಬೇಕು. ಆರೋಗ್ಯವಂತ ಕ್ಲಚ್ಚಾದರೆ ಎಂಜಿನು ಕೂಡಲೇ ನಿಂತುಬಿಡುತ್ತದೆ. ಏನೂ ಆಗಲಿಲ್ಲವೆಂಬಂತೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆಯೆಂದು ತಿಳಿಯಬೇಕು. ಪ್ಲೇಟು ಸವೆದಿರಬಹುದು, ಅದಕ್ಕೆ ಎಣ್ಣೆ ತಗಲಿರಬಹುದು, ತಂತಿಯ ಕ್ಲಚ್ಚಾದರೆ ತಂತಿಯನ್ನು ಅತಿಯಾಗಿ ಬಿಗಿದಿರಬಹುದು. ತಂತಿಯನ್ನು ಸರಿಪಡಿಸಿದರೂ ಜಾರಿದರೆ ಗೇರ್‌ಬಾಕ್ಸು ಇಳಿಸದೆ ಗತ್ಯಂತರವಿಲ್ಲ. ಈ ಪರೀಕ್ಷೆಯನ್ನು ಮೇಲಿಂದ ಮೇಲೆ ಮಾಡಲಾಗದು, ಪ್ಲೇಟು ಸುಡುತ್ತದೆ.

ಎರಡನೆಯದು ಬಿಡದ ಕ್ಲಚ್ಚು. ಪೆಡಲು ತುಳಿದರೂ ಪ್ಲೇಟು ಎಂಜಿನಿನೊಡನೆ ಅಷ್ಟಿಷ್ಟು ತಿರುಗುತ್ತಲೇ ಇರುತ್ತದೆ. ಎಂಜಿನು ನಿಂತಿರುವಾಗ ಎಲ್ಲ ಗೇರುಗಳೂ ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿದ್ದು, ಎಂಜಿನು ಓಡುವಾಗ ಮಾತ್ರ ಮುಷ್ಕರ ಹೂಡಿದರೆ ಸಂಶಯ ಮೊದಲು ಇದರ ಮೇಲೆಯೇ. ಖಚಿತಪಡಿಸಿಕೊಳ್ಳಲು ಕ್ಲಚ್ಚನ್ನು ಪೂರ್ತಿ ತುಳಿದು, ಹತ್ತು ಎಣಿಸಿ, ಆಮೇಲೆ ರಿವರ್ಸಿಗೆ ಹಾಕಬೇಕು. ಅಷ್ಟು ಹೊತ್ತಿಗೆ ಪ್ಲೇಟು ನಿಂತಿರಬೇಕು. ಆಗಲೂ ಕರಕರವೆಂದರೆ ಕ್ಲಚ್ಚು ಬಿಡುತ್ತಿಲ್ಲ. ಪೆಡಲನ್ನು ನಾಲ್ಕೈದು ಬಾರಿ ಬೇಗಬೇಗನೆ ತುಳಿದ ಮೇಲೆ ಗೇರು ಸಲೀಸಾದರೆ ರೋಗ ಇನ್ನೂ ಸ್ಪಷ್ಟ. ದ್ರವದಿಂದ ಕೆಲಸ ಮಾಡುವ ಕ್ಲಚ್ಚಿನಲ್ಲಿ ಗಾಳಿ ಸೇರಿದೆ, ಇಲ್ಲವೆ ಎಲ್ಲಿಯೋ ಸೋರುತ್ತಿದೆ.

ಎಂಜಿನು ನಿಂತಾಗಲೂ ಗೇರು ಬೀಳದಿದ್ದರೆ, ಗೇರಿನ ಕೋಲಿನಿಂದ ಗೇರ್‌ಬಾಕ್ಸಿಗೆ ಹೋಗುವ ತಂತಿ, ಕೀಲುಗಳನ್ನು ಮೊದಲು ನೋಡಿಸಬೇಕು. ಬೇರೆ ಗೇರುಗಳೆಲ್ಲ ಸರಿಯಿದ್ದು, ಓಡುವಾಗ ಒಂದೇ ಒಂದು ಗೇರು ಪ್ರತಿ ಸಲ ಕಿರುಗುಟ್ಟಿದರೆ ಆ ಗೇರಿನ ಸಿಂಕ್ರೊ ಉಂಗುರ ಸವೆದಿರುವ ಸಂಭವ ಹೆಚ್ಚು. ತಿರುಗುವ ಎರಡು ಭಾಗಗಳ ವೇಗವನ್ನು ಸಮಮಾಡಿ ಹಲ್ಲುಗಳನ್ನು ಕೂಡಿಸುವ ಈ ಏರ್ಪಾಡು 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂದಿತು. ಅನೇಕ ಕಾರುಗಳ ರಿವರ್ಸಿಗೆ ಇದು ಇಲ್ಲ. ಆದ್ದರಿಂದಲೇ ಪರೀಕ್ಷೆಗೆ ರಿವರ್ಸು ಒಳ್ಳೆಯ ಸಾಕ್ಷಿ.

ಕಿವಿಯೂ ಉಪಯೋಗಕ್ಕೆ ಬರುತ್ತದೆ. ನ್ಯೂಟ್ರಲಿನಲ್ಲಿ ನಿಂತಾಗ, ಪೆಡಲು ತುಳಿದರೆ ಸದ್ದು ಹುಟ್ಟಿ, ಬಿಟ್ಟರೆ ಅಡಗಿದರೆ ರಿಲೀಸ್ ಬೇರಿಂಗಿನ ಮೇಲೆ ಅನುಮಾನ. ಪೆಡಲು ಬಿಟ್ಟಾಗ ಸದ್ದಿದ್ದು, ತುಳಿದಾಗ ಅಡಗಿದರೆ ಗೇರ್‌ಬಾಕ್ಸಿನೊಳಗಿನ ಬೇರಿಂಗಿನ ಮೇಲೆ.

ಮರುದಿನ ಬೆಳಿಗ್ಗೆ ಕಾಕಾ ನನ್ನನ್ನು ಸೀಟಿನಲ್ಲಿ ಕೂರಿಸಿ ಎಲ್ಲ ಪರೀಕ್ಷೆಗಳನ್ನೂ ಮಾಡಿಸಿದರು. ಎಂಜಿನು ನಿಂತಾಗ ಗೇರುಗಳು ಸರಾಗ. ಹ್ಯಾಂಡ್ ಬ್ರೇಕಿನ ಪರೀಕ್ಷೆಯಲ್ಲಿ ಎಂಜಿನು ತಟಕ್ಕನೆ ನಿಂತಿತು. ಎಂದರೆ ಪ್ಲೇಟು ಜಾರುತ್ತಿಲ್ಲ. ಪೆಡಲನ್ನು ಐದು ಸಲ ತುಳಿದ ಮೇಲೆ ರಿವರ್ಸು ಸದ್ದಿಲ್ಲದೆ ಬಿತ್ತು! ಬಾನೆಟ್ಟು ಎತ್ತಿ ನೋಡಿದರೆ ಡಬ್ಬಿಯಲ್ಲಿನ ದ್ರವ ಕೆಳಗಿನ ಗೆರೆಗಿಂತಲೂ ಕೆಳಗೆ. ಗೇರ್‌ಬಾಕ್ಸಿನ ಹೊರಮೈಯಲ್ಲಿದ್ದ ಸ್ಲೇವ್ ಸಿಲಿಂಡರಿನ ರಬ್ಬರು ಟೊಪ್ಪಿಗೆ ಒದ್ದೆಯಾಗಿತ್ತು.

“ಇದನ್ನ ಹಂಗ ಬಿಟ್ಟು ಘಾಟ್ ಹತ್ತಬ್ಯಾಡ,” ಎಂದರು ಕಾಕಾ. “ಬ್ರೇಕಿಗೂ ಇದ ಡಬ್ಬಿ ಐತಿ.”

ನನ್ನ ಎದೆ ಧಸಕ್ಕೆಂದಿತು. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿ. ಸಾಮಾನ್ಯವಾಗಿ ಕ್ಲಚ್ಚಿನ ಕೊಳವೆಯನ್ನು ಮೇಲ್ಭಾಗದಲ್ಲಿಟ್ಟು, ಮೊದಲು ಕ್ಲಚ್ಚು ಸೋತು ಬ್ರೇಕು ಉಳಿಯುವಂತೆ ಮಾಡಿರುತ್ತಾರೆ. ಎಂದ ಮೇಲೆ ಗೇರಿನ ಕರಕರ ಸದ್ದು ಬರಿಯ ಕಿರಿಕಿರಿಯಲ್ಲ, ಎಚ್ಚರಿಕೆಯ ಗಂಟೆಯೂ ಆಗಬಹುದು. ಖಂಬಾಟಕಿ ಘಾಟು ದಾಟಿ ಸುಮಾರು 420 ಕಿಲೋಮೀಟರು ಹೋಗಬೇಕಾದವನು ಅದನ್ನು ಕೇಳಿಸಿಕೊಳ್ಳಲೇಬೇಕು.

ಬೇರೊಂದು ಗ್ಯಾರೇಜಿನಲ್ಲಿ ಅರ್ಧ ದಿನದ ಕೆಲಸವಾಯಿತು. ಸಿಲಿಂಡರು ಬದಲಾಯಿಸಿ, ಹೊಸ ದ್ರವ ತುಂಬಿ, ಕೊಳವೆಯೊಳಗಿನ ಗಾಳಿ ತೆಗೆದರು. ಖರ್ಚು 1,900 ರೂಪಾಯಿ. ಮೊದಲಿನವರನ್ನು ಮೋಸಗಾರರೆಂದು ನಾನು ಹೇಳಲಾರೆ. ಅವರು ಪರೀಕ್ಷಿಸಲಿಲ್ಲ, ನಾನು ಕೇಳಲಿಲ್ಲ. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ.

ಕಾಕಾ ಹೇಳಿದ ಕೆಲವು ಪಥ್ಯಗಳನ್ನು ವಾಚಕರಿಗೂ ದಾಟಿಸುತ್ತೇನೆ. ಓಡಿಸುವಾಗ ಎಡಗಾಲನ್ನು ಕ್ಲಚ್ಚಿನ ಮೇಲೆ ವಿಶ್ರಾಂತಿಗಿಡಬಾರದು. ಏರಿನಲ್ಲಿ ಸಿಗ್ನಲ್ಲಿಗೆ ನಿಂತಾಗ ಕಾರನ್ನು ಅರ್ಧ ಕ್ಲಚ್ಚಿನಲ್ಲಿ ತೂಗಾಡಿಸದೆ ಹ್ಯಾಂಡ್ ಬ್ರೇಕು ಎಳೆಯಬೇಕು. ಡಬ್ಬಿಯ ಮುಚ್ಚಳದ ಮೇಲೆ ಬರೆದ ದ್ರವವನ್ನೇ ಹಾಕಬೇಕು. ಎಂಜಿನ್ ಆಯಿಲು ಹಾಕಿದರೆ ಒಳಗಿನ ರಬ್ಬರುಗಳೆಲ್ಲ ಹಾಳು. ದ್ರವ ಪದೇ ಪದೇ ಇಳಿದರೆ ಬರಿದೆ ತುಂಬಿಸುತ್ತ ಕೂರದೆ ಸೋರುವ ಜಾಗ ಹುಡುಕಿಸಬೇಕು. ಮತ್ತು ಗ್ಯಾರೇಜಿಗೆ ಹೋದಾಗ “ಗೇರ್‌ಬಾಕ್ಸು ಕೆಟ್ಟಿದೆ” ಎಂದು ತೀರ್ಪು ಕೊಡದೆ, ಯಾವಾಗ, ಯಾವ ಗೇರಿನಲ್ಲಿ, ಎಂಜಿನು ಓಡುವಾಗಲೋ ನಿಂತಾಗಲೋ ಎಂಬ ಲಕ್ಷಣಗಳನ್ನು ಮಾತ್ರ ಹೇಳಬೇಕು. ವೈದ್ಯರ ಮುಂದೆಯೂ ನಾವು ಮಾಡಬೇಕಾದದ್ದು ಇಷ್ಟೇ ಅಲ್ಲವೆ?

ಹಬ್ಬಕ್ಕೆ ಎರಡು ದಿನ ಮೊದಲು ಅವ್ವನನ್ನು ಕರೆದುಕೊಂಡು ಬಂದೆವು. ಮಹಾರಾಷ್ಟ್ರದ ಗಡಿ ದಾಟಿದ ಮೇಲೆ ರಸ್ತೆಯ ಎರಡೂ ಬದಿಯ ಕಬ್ಬಿನ ಹೊಲಗಳನ್ನು ನೋಡುತ್ತ, “ಎಷ್ಟ್ ಹಸರ ಕಾಣಸ್ತೈತೋ ಈಗ!” ಎಂದಳು. ಆ 14,000 ರೂಪಾಯಿ ಸಂಕ್ರಾಂತಿ ಕಳೆದ ಮೇಲೆ ಆಕೆಯ ಇನ್ನೊಂದು ಕಣ್ಣಿಗೇ ಸಂದಿತು.